ಕಲಾಮಂದಿರದ ಬಾಗಿಲು ಯಾರಿಗೆ?

"ಜನರಿಗೆ ಕಲೆ ಬೇಡ" ಎಂದು ಕೊರಗುವ ಮಹನೀಯರನ್ನು ನಾವು ಹೋಟೆಲ್ ಕಾರ್ಮಿಕರು ಕೇಳುತ್ತೇವೆ: ನಾವು ಬರುವುದಾದರೂ ಯಾವಾಗ? ನಾಸಿಕದ ಮಹಾಕವಿ ಕಾಳಿದಾಸ ಕಲಾಮಂದಿರ ಮಹಾನಗರಪಾಲಿಕೆಯ ಸೊತ್ತು, ಎಂದರೆ ಊರವರ ಸೊತ್ತು. 2018ರಲ್ಲಿ ಸ್ಮಾರ್ಟ್ ಸಿಟಿ ಹಣದಿಂದ ಅದು ಹೊಸದಾಯಿತು. ಬಾಡಿಗೆ ಏರಿತೆಂದು ಮರಾಠಿ ನಾಟಕದವರೇ ಗೋಳಾಡಿದರು. ಇನ್ನು ಮಾಣಿಗಳ ತಂಡಕ್ಕೆ ಎಲ್ಲಿಯ ದುಡ್ಡು? ಛತ್ರಪತಿ ಸಂಭಾಜಿನಗರದ ಸಂತ ಏಕನಾಥ ರಂಗಮಂದಿರಕ್ಕಂತೂ ದುರಸ್ತಿಯ ಹೆಸರಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿತ್ತು. ಬೀಗ ಹಾಕಿದವರು ನೆಂಟರು ಬರಲಿಲ್ಲವೆಂದು ದೂರುವುದುಂಟೆ?

ರಾತ್ರಿ ಪರದೆ ಏಳುವ ಹೊತ್ತಿಗೆ ನಾವು ಊಟ ಬಡಿಸುತ್ತಿರುತ್ತೇವೆ. ಊರಿನ ಬಯಲಾಟ ಉಂಡ ಮೇಲೆ ಶುರುವಾಗುತ್ತಿತ್ತು. ಗದ್ದೆಯಲ್ಲಿ ದುಡಿದವನೂ ಬೆಳಗಿನ ತನಕ ಕೂರುತ್ತಿದ್ದ. ನಮಗೆ ಬಿಡುವು ಮಧ್ಯಾಹ್ನ ಮೂರಕ್ಕೆ, ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ಮೊದಲು. ಆ ಹೊತ್ತಿಗೆ, ಕೈಗೆಟುಕುವ ಬಾಡಿಗೆಗೆ, ತಿಂಗಳಿಗೊಂದು ಆಟ ಬಿಡಿ. ಆಮೇಲೆ ಖಾಲಿ ಕುರ್ಚಿ ಎಣಿಸಿ.