ಒಂದು ಗಣಕಕ್ಕೆ ಇಬ್ಬರು ಕಾವಲುಗಾರರು



ಮನೆಯ ಗಣಕಯಂತ್ರವೊಂದರಲ್ಲಿ ಎರಡು ಆಂಟಿವೈರಸ್ ತಂತ್ರಾಂಶಗಳನ್ನು ಏಕಕಾಲಕ್ಕೆ ಕಾವಲಿಗಿಡುವುದು ಎರಡರಷ್ಟು ರಕ್ಷಣೆಯಲ್ಲ. ಒಂದರಷ್ಟು ರಕ್ಷಣೆಯೂ ಅಲ್ಲ. ಈ ಮಾತನ್ನು ಮೊದಲಿಗೇ ಹೇಳಿಬಿಡುವುದು ಲೇಸು. ಏಕೆಂದರೆ ಇದಕ್ಕೆ ನೇರ ವಿರುದ್ಧವಾದ ನಂಬಿಕೆಯೊಂದು ನಮ್ಮ ದಾವಣಗೆರೆ, ಹರಿಹರಗಳ ಮನೆಗಳಲ್ಲಿ ಬೇರೂರಿದೆ. ‘ಒಂದಿದ್ದರೆ ಕ್ಷೇಮ, ಎರಡಿದ್ದರೆ ಇನ್ನೂ ಕ್ಷೇಮ’ ಎಂಬ ಆ ನಂಬಿಕೆ ಬಾಗಿಲಿನ ಬೀಗದ ವಿಷಯದಲ್ಲಿ ಸರಿಯಿರಬಹುದು. ಗಣಕದ ವಿಷಯದಲ್ಲಿ ಶುದ್ಧ ತಪ್ಪು. ಅದು ತಾನಾಗಿ ಹುಟ್ಟಿದ ತಪ್ಪೂ ಅಲ್ಲ. ಅದನ್ನು ಬಿತ್ತಿ, ನೀರೆರೆದು, ಫಸಲು ಕೊಯ್ಯುವವರಿದ್ದಾರೆ. ಈ ಬರಹ ಅವರ ವಿರುದ್ಧ. ಜೊತೆಗೆ, ಒಂದೂ ಪ್ರಶ್ನೆ ಕೇಳದೆ ಅವರಿಗೆ ಹಣ ಎಣಿಸಿಕೊಡುವ ವಿದ್ಯಾವಂತರ ಮೌನದ ವಿರುದ್ಧ.

ಮೊದಲು ಈ ಕಾವಲುಗಾರನ ಕೆಲಸವೇನೆಂದು ನೋಡೋಣ. ನೀವು ಒಂದು ಕಡತವನ್ನು ತೆರೆಯಲು ಮೌಸ್ ಒತ್ತಿದಾಗ ಅದು ನೇರವಾಗಿ ನಿಮ್ಮೆದುರಿಗೆ ಬರುವುದಿಲ್ಲ. ಆಂಟಿವೈರಸ್ ತಂತ್ರಾಂಶವು ಡಿಸ್ಕಿಗೂ ಉಳಿದ ತಂತ್ರಾಂಶಗಳಿಗೂ ನಡುವೆ ಕುಳಿತು, ತೆರೆಯಲಿರುವ ಕಡತಗಳನ್ನು ತಡೆದು, ತನ್ನಲ್ಲಿರುವ ವೈರಸ್ ಗುರುತುಗಳೊಡನೆ ಹೋಲಿಸಿ, ನಿರ್ದೋಷಿ ಎಂದು ಕಂಡರಷ್ಟೇ ಮುಂದಕ್ಕೆ ಬಿಡುತ್ತದೆ. ವಿಂಡೋಸ್ ಎದ್ದು ನಿಲ್ಲುವಷ್ಟರಲ್ಲಿ ಹೀಗೆ ತೆರೆಯಬೇಕಾದ ಕಡತಗಳು ಸಾವಿರಾರು. ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿನಲ್ಲಿ ವರ್ಷಗಟ್ಟಲೆ ನಿಂತು ಕಾದ ದಾವಣಗೆರೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಗೇಟು ಅನಿವಾರ್ಯ, ಸಹಿಸಿಕೊಂಡೆವು. ಅದೇ ರಸ್ತೆಗೆ ಹತ್ತು ಮಾರು ದೂರದಲ್ಲಿ ಇನ್ನೊಂದು ಗೇಟು ಹಾಕಿ, ಬೇರೊಬ್ಬ ಗೇಟ್‌ಮನ್‌ನನ್ನು ನೇಮಿಸಿ, ಇಬ್ಬರಿಗೂ ಪರಸ್ಪರ ಮಾತೇ ಇಲ್ಲದಂತೆ ಮಾಡಿದ್ದರೆ ನಮ್ಮ ಗತಿ ಏನಾಗುತ್ತಿತ್ತು?

ಎರಡು ಆಂಟಿವೈರಸ್ ಇರುವ ಗಣಕದಲ್ಲಿ ಆಗುವುದು ಇದೇ. ಮೊದಲನೆಯವನು ಪರೀಕ್ಷೆಗಾಗಿ ಕಡತವನ್ನು ಮುಟ್ಟುತ್ತಾನೆ. ಯಾರೋ ಕಡತವನ್ನು ತೆರೆಯುತ್ತಿದ್ದಾರೆಂದು ಎರಡನೆಯವನು ಅದನ್ನು ತಡೆದು ತಾನೂ ಪರೀಕ್ಷಿಸುತ್ತಾನೆ. ಒಂದೇ ಕೆಲಸ ಎರಡೆರಡು ಸಲ ನಡೆದು, ಹಳೆಯ ಡಿಸ್ಕು ಏದುಸಿರು ಬಿಡುತ್ತದೆ. ನಿಜವಾದ ವೈರಸ್ ಸಿಕ್ಕಾಗಲಾದರೂ ಒಗ್ಗಟ್ಟು ಇದೆಯೇ? ಅದೂ ಇಲ್ಲ. ಒಬ್ಬನು ಅದನ್ನು ಹಿಡಿದು ತನ್ನ ಸೆರೆಮನೆಗೆ ಒಯ್ಯುವಷ್ಟರಲ್ಲಿ ಇನ್ನೊಬ್ಬನು ಅದೇ ಕಡತವನ್ನು ಬಿಗಿಹಿಡಿದಿರುತ್ತಾನೆ. ಅಳಿಸಲೂ ಆಗದೆ, ಬಿಡಲೂ ಆಗದೆ, ಎಚ್ಚರಿಕೆಯ ಫಲಕಗಳು ಮಾತ್ರ ಒಂದರ ಮೇಲೊಂದು ಏಳುತ್ತವೆ. ಇದಕ್ಕಿಂತ ವಿಚಿತ್ರವಾದದ್ದೆಂದರೆ, ಒಬ್ಬನ ಕಣ್ಣಿಗೆ ಇನ್ನೊಬ್ಬನೇ ಕಳ್ಳನಂತೆ ಕಾಣಬಲ್ಲ. ವ್ಯವಸ್ಥೆಯ ಆಳದಲ್ಲಿ ಅಡಗಿ ಕೂರುವುದು, ಎಲ್ಲ ಕಡತಗಳನ್ನೂ ಇಣುಕಿ ನೋಡುವುದು, ತನ್ನನ್ನು ತೆಗೆದುಹಾಕಲು ಬಂದವರನ್ನು ತಡೆಯುವುದು: ಇವು ವೈರಸ್ಸಿನ ಲಕ್ಷಣಗಳೂ ಹೌದು, ಆಂಟಿವೈರಸ್ಸಿನ ಲಕ್ಷಣಗಳೂ ಹೌದು.

ಇದು ಬರಿಯ ತಾಂತ್ರಿಕ ತಕರಾರಾಗಿದ್ದರೆ ನಾನು ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಹರಿಹರದಲ್ಲಿ ನಮ್ಮ ಹತ್ತಿರದ ಬಂಧುಗಳೊಬ್ಬರಿದ್ದಾರೆ. ಅವರೂ ನನ್ನಂತೆಯೇ ನಿವೃತ್ತರು. ಅವರ ಮನೆಯ ಗಣಕದಲ್ಲಿ ಮೂರು ಕಾವಲುಗಾರರಿದ್ದರು. ಒಂದು, ಗಣಕದೊಡನೆಯೇ ಬಂದು, ಉಚಿತ ಅವಧಿ ಮುಗಿದು, ದಿನಕ್ಕೆರಡು ಬಾರಿ ಹಣ ಕೇಳುತ್ತಿದ್ದದ್ದು. ಇನ್ನೊಂದು, ಅಂಗಡಿಯವರು ಮಾರಿದ್ದು. ಮತ್ತೊಂದು, ನಿಧಾನವಾಯಿತೆಂದು ರಿಪೇರಿಗೆ ಒಯ್ದಾಗ ಬೇರೊಬ್ಬ ತಂತ್ರಜ್ಞ ‘ಇದೂ ಒಂದು ಇರ್ಲಿ ಬಿಡ್ರಿ ಸರ್, ಸೇಫ್ ಆಗಿರ್ತದೆ’ ಎಂದು ಧರ್ಮಕ್ಕೆ ಹಾಕಿಕೊಟ್ಟದ್ದು. ನಿಧಾನಕ್ಕೆ ಮದ್ದೆಂದು ನಿಧಾನದ ಕಾರಣವನ್ನೇ ಕೊಟ್ಟ ಚಿಕಿತ್ಸೆ ಇದು!

ಅವರ ಮೊಮ್ಮಗಳು ಸಿಇಟಿ ಬರೆದು, ಕಾಲೇಜುಗಳ ಆಯ್ಕೆಯನ್ನು ದಾಖಲಿಸಬೇಕಾದ ಕೊನೆಯ ದಿನ ಆ ಗಣಕದ ಮುಂದೆ ಕುಳಿತಳು. ಬ್ರೌಸರ್ ತೆರೆದರೆ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಸೂಚನೆ. ಅಂತರಜಾಲದ ಗೂಢಲಿಪಿಯ ಸಂಪರ್ಕವನ್ನು ಪರೀಕ್ಷಿಸಲು ಈ ಕಾವಲುಗಾರರು ನಡುವೆ ನಿಂತು, ಜಾಲತಾಣದ ಪ್ರಮಾಣಪತ್ರದ ಬದಲು ತಮ್ಮ ಪ್ರಮಾಣಪತ್ರವನ್ನು ಮುಂದೊಡ್ಡುವುದುಂಟು. ಇಬ್ಬರು ಒಟ್ಟಿಗೆ ಆ ಕೆಲಸಕ್ಕೆ ಇಳಿದರೆ ಬ್ರೌಸರ್ ಯಾರನ್ನೂ ನಂಬದಂತಾಗುತ್ತದೆ. ಕೊನೆಗೆ ಆ ಹುಡುಗಿ ರಾತ್ರಿ ಹೊತ್ತು ಸೈಬರ್ ಕೇಂದ್ರಕ್ಕೆ ಓಡಿ, ಯಾರು ಯಾರೋ ಬಳಸುವ ಯಂತ್ರದಲ್ಲಿ ತನ್ನ ಗುಪ್ತಪದವನ್ನು ಒತ್ತಿ ಕೆಲಸ ಮುಗಿಸಿದಳು. ಮನೆಯಲ್ಲಿ ಮೂವರು ಕಾವಲುಗಾರರಿದ್ದದ್ದರ ಫಲವಾಗಿ ಮನೆಯ ಮಗಳು ಕಾವಲೇ ಇಲ್ಲದ ಜಾಗಕ್ಕೆ ಹೋಗಿ ತನ್ನ ಬೀಗದ ಕೈಯನ್ನು ಬಿಚ್ಚಿಡಬೇಕಾಯಿತು. ಮರುವಾರ ಅಂಗಡಿಯಿಂದ ಬಂದ ಸಲಹೆ: ‘ಹಳೇದಾತು ಸರ್, ಹೊಸದು ತಗೊಳ್ರಿ.’ ಮೂರರಲ್ಲಿ ಎರಡನ್ನು ತೆಗೆದ ಮೇಲೆ ಅದೇ ಯಂತ್ರ ಇಂದಿಗೂ ದುಡಿಯುತ್ತಿದೆ.

ಕಾವಲುಗಾರರು ತಪ್ಪುವುದಿಲ್ಲವೆಂಬ ಭ್ರಮೆಯೂ ಬೇಡ. 2010ರ ಏಪ್ರಿಲ್‌ನಲ್ಲಿ ಮೆಕಾಫಿ ತಂತ್ರಾಂಶದ ಒಂದು ಹೊಸ ಪಟ್ಟಿ, ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯವಾದ ಕಡತವೊಂದನ್ನೇ ವೈರಸ್ ಎಂದು ಹಿಡಿದು, ಅನೇಕ ದೇಶಗಳಲ್ಲಿ ಗಣಕಗಳನ್ನು ಕೆಡವಿತು. 2019ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಹೊರಡಿಸಿದ ವಿಂಡೋಸ್ ಪರಿಷ್ಕರಣೆಗೂ ಸೋಫೋಸ್, ಅವಾಸ್ಟ್, ಅವೀರಾ ಮೊದಲಾದ ಆಂಟಿವೈರಸ್‌ಗಳಿಗೂ ಹೊಂದಿಕೆಯಾಗದೆ ಯಂತ್ರಗಳು ಸ್ತಬ್ಧವಾದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ದೋಷಪೂರಿತ ಪರಿಷ್ಕರಣೆಯೊಂದು, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ಗಣಕಗಳಿಗೆ ನೀಲಿ ಪರದೆ ತೋರಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬರೆದ ಬೋರ್ಡಿಂಗ್ ಪಾಸ್‌ಗಳನ್ನು ಹಂಚಿದ್ದನ್ನು ಪತ್ರಿಕೆಗಳಲ್ಲಿ ನೀವೆಲ್ಲ ನೋಡಿದ್ದೀರಿ. ಅಂದು ಅಲ್ಲಿ ವೈರಸ್ ಇರಲಿಲ್ಲ. ಕಾವಲುಗಾರನೇ ಮನೆಯನ್ನು ಕೆಡವಿದ್ದ. ಕಾರಣವೂ ಸ್ಪಷ್ಟ. ಈ ತಂತ್ರಾಂಶಗಳ ಮುಖ್ಯ ಭಾಗ ಕೆಲಸ ಮಾಡುವುದು ಕರ್ನೆಲ್ ಎಂದು ಕರೆಯುವ, ಗಣಕದ ಗರ್ಭಗುಡಿಯಲ್ಲಿ. ಅಲ್ಲಿ ನಡೆದ ಒಂದು ಎಡವಟ್ಟು ಇಡೀ ಯಂತ್ರವನ್ನು ಮಲಗಿಸುತ್ತದೆ. ನುರಿತ ತಜ್ಞರ ಪಡೆಯಿರುವ ಸಂಸ್ಥೆಗಳಲ್ಲಿ ಒಬ್ಬ ಕಾವಲುಗಾರನಿಂದಲೇ ಇಷ್ಟಾದರೆ, ಕೇಳುವವರಿಲ್ಲದ ನಮ್ಮ ನಡುಮನೆಯ ಗಣಕದ ಗರ್ಭಗುಡಿಗೆ ಇಬ್ಬರನ್ನು ನುಗ್ಗಿಸುವುದು ಯಾವ ವಿವೇಕ?

ಹಾಗಿದ್ದರೂ ಎರಡೆರಡು ಏಕೆ ಬರುತ್ತವೆ? ಭಯಕ್ಕೆ ಬೆಲೆಯಿರುವುದರಿಂದ. ಹೊಸ ಗಣಕದಲ್ಲಿ ‘ಉಚಿತ’ ಎಂದು ಒಂದನ್ನು ತುಂಬಿ ಕಳಿಸುತ್ತಾರೆ. ಅಡೋಬಿಯ ಫ್ಲ್ಯಾಶ್ ಪ್ಲೇಯರ್ ಬಳಕೆಯಲ್ಲಿದ್ದ ಕಾಲದಲ್ಲಿ ಅದನ್ನು ಇಳಿಸಿಕೊಳ್ಳುವ ಪುಟದಲ್ಲಿ ಮೆಕಾಫಿಯ ತಪಾಸಣೆ ತಂತ್ರಾಂಶದ ಚೌಕಕ್ಕೆ ಮೊದಲೇ ಗುರುತು ಹಾಕಿರುತ್ತಿದ್ದದ್ದು ನಿಮಗೆ ನೆನಪಿರಬಹುದು. ನೋಡದೆ ಮುಂದೆ ಒತ್ತಿದವರ ಮನೆಗೆ ಕರೆಯದ ಅತಿಥಿ. ಭಯದ ವ್ಯಾಪಾರ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಅಮೆರಿಕದ ಆಫೀಸ್ ಡಿಪೋ ಮಳಿಗೆಗಳ ಪ್ರಕರಣವೇ ಸಾಕ್ಷಿ. ಅಲ್ಲಿ ಉಚಿತ ಗಣಕ ತಪಾಸಣೆಯೆಂದು ಆರಂಭದಲ್ಲಿ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಒಂದಕ್ಕೆ ‘ಹೌದು’ ಎಂದರೂ ಸಾಕು, ತಪಾಸಣೆಯ ಫಲ ಏನೇ ಇರಲಿ, ಸೋಂಕಿನ ಲಕ್ಷಣವಿದೆಯೆಂದು ಪರದೆ ಹೇಳುತ್ತಿತ್ತು. 2019ರಲ್ಲಿ ಆ ಸಂಸ್ಥೆಯೂ ಅದಕ್ಕೆ ತಂತ್ರಾಂಶ ಒದಗಿಸಿದ ಕಂಪನಿಯೂ ಸೇರಿ 3.5 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. 2024ರಲ್ಲಿ ಅವಾಸ್ಟ್ ಕಂಪನಿ, ತನ್ನ ಬಳಕೆದಾರರು ಅಂತರಜಾಲದಲ್ಲಿ ಎಲ್ಲೆಲ್ಲಿ ಅಡ್ಡಾಡಿದರೆಂಬ ವಿವರವನ್ನು ಮಾರಿದ ಆರೋಪದ ಮೇಲೆ, 1.65 ಕೋಟಿ ಡಾಲರ್ ತೆರಬೇಕೆಂಬ ಆದೇಶಕ್ಕೆ ಗುರಿಯಾಯಿತು. ಮನೆಗೆ ಕಾವಲುಗಾರನನ್ನು ಸೇರಿಸಿಕೊಳ್ಳುವಾಗ ಅವನ ಪೂರ್ವಾಪರ ವಿಚಾರಿಸುವ ನಾವು ಇಲ್ಲಿ ಮಾತ್ರ ಏಕೆ ಕಣ್ಣು ಮುಚ್ಚುತ್ತೇವೆ?

ಈಗ ಎದುರುಪಕ್ಷದ ಬಲವಾದ ವಾದಕ್ಕೆ ಬರೋಣ. ‘ಯಾವ ಆಂಟಿವೈರಸ್ಸೂ ಎಲ್ಲ ವೈರಸ್ಸುಗಳನ್ನೂ ಹಿಡಿಯಲಾರದು. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿದರೆ ತಪ್ಪೇನು?’ ಪೂರ್ವಾರ್ಧ ನಿಜ, ಉತ್ತರಾರ್ಧ ಕುತರ್ಕ. 1965ರಿಂದ ವೈದ್ಯಕೀಯ ಕಾಲೇಜಿರುವ ಊರಿನವರು ನಾವು. ಒಬ್ಬ ವೈದ್ಯರ ಮಾತಿನಲ್ಲಿ ಸಂದೇಹವಿದ್ದರೆ ಇನ್ನೊಬ್ಬರನ್ನು ಕಾಣುತ್ತೇವೆ. ಆದರೆ ಇಬ್ಬರೂ ಬರೆದುಕೊಟ್ಟ ಮಾತ್ರೆಗಳನ್ನು ಒಂದೇ ಲೋಟ ನೀರಿನಲ್ಲಿ ನುಂಗುವುದಿಲ್ಲ. ಗಣಕದಲ್ಲಿಯೂ ಎರಡನೆಯ ಅಭಿಪ್ರಾಯಕ್ಕೆ ದಾರಿಯಿದೆ. ನಾವು ಕರೆದಾಗ ಮಾತ್ರ ಬಂದು, ಪರೀಕ್ಷಿಸಿ, ಹೊರಟುಹೋಗುವ ತಪಾಸಣೆ ಸಾಧನಗಳಿವೆ. ಅವು ಬಾಗಿಲಲ್ಲಿ ಕುಳಿತಿರುವುದಿಲ್ಲವಾದ್ದರಿಂದ ಜಗಳವಿಲ್ಲ. ನಮ್ಮ ಸರ್ಕಾರವೇ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಅಂಥ ಶುದ್ಧೀಕರಣ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ವೈರಸ್‌ಟೋಟಲ್ ಎಂಬ ಜಾಲತಾಣದಲ್ಲಿ ಒಂದು ಅನುಮಾನದ ಕಡತವನ್ನು ಕೊಟ್ಟರೆ, ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಮ್ಮೆಲೇ ಸಿಗುತ್ತದೆ. ಆದರೆ ಸ್ವಂತ ದಾಖಲೆಗಳನ್ನು ಮಾತ್ರ ಅಲ್ಲಿಗೆ ಏರಿಸಬೇಡಿ. ಅವು ಪರರ ಕೈ ಸೇರಬಹುದು. ಹತ್ತಾರು ಅಭಿಪ್ರಾಯಗಳು ಬೇಕಾದರೂ ನಿಮ್ಮ ಯಂತ್ರದೊಳಗೆ ಕಾವಲಿಗಿರಬೇಕಾದದ್ದು ಒಂದೇ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಹರಿಹರದವರಿಗಂತೂ ಈ ತತ್ತ್ವ ಹೊಸದಲ್ಲ. 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಸ್ಥಳಪುರಾಣ ನಮ್ಮ ಮಕ್ಕಳಿಗೂ ಗೊತ್ತು. ಗುಹನೆಂಬ ರಾಕ್ಷಸ ಹರಿಯಿಂದಾಗಲೀ ಹರನಿಂದಾಗಲೀ ತನಗೆ ಸಾವು ಬಾರದಂತೆ ವರ ಪಡೆದಿದ್ದ. ಆಗ ಹರಿಯೂ ಹರನೂ ಬೇರೆ ಬೇರೆಯಾಗಿ ಎರಡು ದಿಕ್ಕಿನಿಂದ ನುಗ್ಗಲಿಲ್ಲ. ಒಂದೇ ಮೈಯಾಗಿ ಬಂದರು. ವಿಂಡೋಸ್‌ನ ಒಳಗೆ ಈ ವಿವೇಕ ಸ್ವಲ್ಪಮಟ್ಟಿಗೆ ಇದೆ. ಅದರಲ್ಲಿಯೇ ಇರುವ ಡಿಫೆಂಡರ್, ಬೇರೊಂದು ಆಂಟಿವೈರಸ್ ಕ್ರಮಬದ್ಧವಾಗಿ ನೋಂದಾಯಿಸಿಕೊಂಡರೆ, ತಾನೇ ಹಿಂದೆ ಸರಿದು ಜಾಗ ಬಿಡುತ್ತದೆ. ಅದನ್ನು ತೆಗೆದರೆ ಮತ್ತೆ ಕಾವಲಿಗೆ ನಿಲ್ಲುತ್ತದೆ. ಹಣ ಕೊಟ್ಟು ತಂದ ಎರಡು ಕಾವಲುಗಾರರ ನಡುವೆ ಮಾತ್ರ ಈ ಸೌಜನ್ಯವನ್ನು ನಿರೀಕ್ಷಿಸಬೇಡಿ.

ನಿಮ್ಮಲ್ಲಿ ಕೆಲವರು ಗಣಕ ರಿಪೇರಿಯ ಅಂಗಡಿಗಳನ್ನು ಇಟ್ಟುಕೊಂಡಿದ್ದೀರಿ. ಮೇಷ್ಟ್ರು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆಂದು ಭಾವಿಸಬೇಡಿ. ಅನಗತ್ಯವಾದದ್ದನ್ನು ತೆಗೆಯುವುದೂ ಒಂದು ವಿದ್ಯೆ. ಅದಕ್ಕೆ ಧಾರಾಳವಾಗಿ ಕೂಲಿ ಕೇಳಿ, ಕೊಡುತ್ತೇವೆ. ಒಂದು ಆಂಟಿವೈರಸ್ಸನ್ನು ಮಾಮೂಲಿ ರೀತಿಯಲ್ಲಿ ತೆಗೆದರೆ ಅದರ ಚೂರುಗಳು ಒಳಗೇ ಉಳಿದುಬಿಡುವುದುಂಟು. ಅದಕ್ಕಾಗಿ ಹಲವು ಕಂಪನಿಗಳೇ ಪ್ರತ್ಯೇಕ ಸಾಧನವನ್ನು ಕೊಡುತ್ತವೆ. ಅದನ್ನು ಬಳಸಿ ಬೇರುಸಹಿತ ಕಿತ್ತುಕೊಡಿ. ಮನೆಯವರ ಭಾವಚಿತ್ರಗಳನ್ನೂ ದಾಖಲೆಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಡಿ. ಒಬ್ಬ ನಿವೃತ್ತ ನೌಕರನ ಅಜ್ಞಾನದ ಮೇಲೆ ಇನ್ನೊಂದು ಡಬ್ಬಿಯನ್ನು ಮಾರುವುದಕ್ಕಿಂತ ಇದು ಮರ್ಯಾದೆಯ ಸಂಪಾದನೆ.

ಉಳಿದವರಿಗೆ ಒಂದೇ ಮಾತು. ಇಬ್ಬರು ಕಾವಲುಗಾರರಿರುವುದರ ಅತಿ ದೊಡ್ಡ ಕೇಡು ನಿಧಾನವಲ್ಲ; ‘ನಾನು ಕ್ಷೇಮ’ ಎಂಬ ಸುಳ್ಳು ಧೈರ್ಯ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತನ್ನೆಲ್ಲ ಹಬ್ಬಿ, ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಕೊಟ್ಟಿತ್ತು. ಅದನ್ನು ಹಾಕಿಕೊಂಡವರ ಯಂತ್ರಗಳಿಗೆ ಆ ಬಿರುಕಿನ ಮೂಲಕ ಅದು ನುಗ್ಗಲಾರದಾಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ‘ಅದಕ್ಕೇ ಇನ್ನೊಂದು ಆಂಟಿವೈರಸ್ ಹಾಕ್ಸಿ’ ಎನ್ನುವವರು ನಿಮ್ಮ ಬಾಗಿಲಿಗೂ ಬಂದಾರು. ಗೋಡೆಯ ಬಿರುಕನ್ನು ಕಾವಲುಗಾರನ ಸಂಖ್ಯೆಯಿಂದ ಮುಚ್ಚಲಾಗದು ಎಂದು ಅವರಿಗೆ ಹೇಳಿ ಕಳಿಸಿ. ಇನ್ನು ಓಟಿಪಿಯನ್ನು ನಾವೇ ಬಾಯಿಬಿಟ್ಟು ಹೇಳಿದರೆ ಹತ್ತು ಆಂಟಿವೈರಸ್‌ಗಳಿದ್ದೂ ಪ್ರಯೋಜನವಿಲ್ಲ. ಹಣ ಹೋದರೆ ಕೂಡಲೇ 1930ಕ್ಕೆ ಕರೆಮಾಡುವುದೊಂದೇ ದಾರಿ.

ಆದ್ದರಿಂದ ಈ ಭಾನುವಾರ ಒಂದರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಗಣಕದಲ್ಲಿ ಎಷ್ಟು ಕಾವಲುಗಾರರಿದ್ದಾರೆಂದು ಎಣಿಸಿ. ಒಂದನ್ನು ಉಳಿಸಿ, ಉಳಿದವನ್ನು ಬೀಳ್ಕೊಡಿ. ಪರಿಷ್ಕರಣೆಗಳನ್ನು ತಪ್ಪದೆ ಹಾಕಿಕೊಳ್ಳಿ, ಮುಖ್ಯ ಕಡತಗಳ ನಕಲನ್ನು ಬೇರೆಡೆ ಇಡಿ. ಇನ್ನೊಂದನ್ನು ಮಾರಲು ಬಂದವರಿಗೆ, ತರಗತಿಯಲ್ಲಿ ನಾನು ನಿಮ್ಮನ್ನು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿ: ‘ಏಕೆ? ಕಾರಣ ಸಹಿತ ವಿವರಿಸಿ.’ ಉತ್ತರಿಸಲಾರದವರಿಗೆ ಅಂಕ ಕೊಡುವ ಅಭ್ಯಾಸ ನಮ್ಮ ಶಾಲೆಯಲ್ಲಿ ಇರಲಿಲ್ಲ. ಹಣ ಕೊಡುವ ಅಭ್ಯಾಸ ನಿಮ್ಮ ಮನೆಯಲ್ಲಿಯೂ ಇರಬಾರದು.