ತಾಯಿ ದೂರು ಕೊಟ್ಟ ಮೇಲೂ ದತ್ತು ಹೋದ ಮಗು

2021ರ ಏಪ್ರಿಲ್‌ನಲ್ಲಿ ತಿರುವನಂತಪುರದ ಪೇರೂರ್ಕಡ ಪೊಲೀಸ್ ಠಾಣೆಗೆ ಒಬ್ಬ ತಾಯಿ ದೂರು ಕೊಟ್ಟಳು. ಹಿಂದಿನ ಅಕ್ಟೋಬರ್‌ನಲ್ಲಿ ಹೆತ್ತ ಗಂಡುಮಗುವನ್ನು ತನ್ನ ಅಪ್ಪ ಅಮ್ಮನೇ ಕಿತ್ತುಕೊಂಡು ಹೋಗಿದ್ದಾರೆ ಎಂಬುದು ಅವಳ ಆರೋಪ. ಆಗ ಮಗು ಅದೇ ಊರಿನಲ್ಲಿ, ಕೇರಳ ರಾಜ್ಯ ಶಿಶು ಕಲ್ಯಾಣ ಮಂಡಳಿಯ ಆರೈಕೆಯಲ್ಲಿತ್ತು. ಎಫ್‌ಐಆರ್ ದಾಖಲಾಗಲು ಅಕ್ಟೋಬರ್ ಬರಬೇಕಾಯಿತು. ಅಷ್ಟರೊಳಗೆ, ಆಗಸ್ಟ್‌ನಲ್ಲೇ, ದತ್ತುಪೂರ್ವ ಪಾಲನೆಗೆಂದು ಮಗುವನ್ನು ಆಂಧ್ರಪ್ರದೇಶದ ದಂಪತಿಯ ಕೈಗೆ ಒಪ್ಪಿಸಿಯಾಗಿತ್ತು.

ಮಗಳ ಒಪ್ಪಿಗೆ ಇತ್ತು ಎಂದು ಅಜ್ಜನ ಮನೆಯವರು ವಾದಿಸಿದರು. ಅಜ್ಜ ಆಡಳಿತ ಪಕ್ಷದ ಸ್ಥಳೀಯ ಮುಖಂಡರಾಗಿದ್ದರಿಂದ ಗಲಾಟೆ ರಾಜಕೀಯದ ಬಣ್ಣ ಪಡೆಯಿತು. ತಾಯಿ ಮದುವೆಯಾಗಿದ್ದಳೇ, ಸಂಗಾತಿ ಯಾವ ಜಾತಿ ಎಂಬ ಹೊಲಸು ಚರ್ಚೆಯೂ ನಡೆಯಿತು. ಅದು ಯಾವುದೂ ಇಲ್ಲಿ ಮುಖ್ಯವಲ್ಲ. ಹೆತ್ತವಳು ಮಗು ಬೇಕೆಂದು ಅಲೆಯುತ್ತಿರುವಾಗ ಆ ಮಗುವನ್ನು ದತ್ತು ಕೊಡಲು ಒಂದು ವ್ಯವಸ್ಥೆಗೆ ಹೇಗೆ ಸಾಧ್ಯವಾಯಿತು ಎಂಬುದೇ ಪ್ರಶ್ನೆ.

ಬಾಲನ್ಯಾಯ ಕಾಯ್ದೆ, ಹೆತ್ತವರಿಲ್ಲದೆ ಸಂಸ್ಥೆಗೆ ಬಂದ ಮಗುವಿನ ಹೆತ್ತವರನ್ನು ಹುಡುಕಲು ಎಲ್ಲ ಪ್ರಯತ್ನ ಮಾಡಬೇಕು ಎನ್ನುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ ಹುಡುಕಾಟ ಮುಗಿಸಿ, ಮಕ್ಕಳ ಕಲ್ಯಾಣ ಸಮಿತಿ ಅದನ್ನು ದತ್ತುಮುಕ್ತ, ಅಂದರೆ ದತ್ತು ಕೊಡಬಹುದಾದ ಮಗು, ಎಂದು ಘೋಷಿಸಬಹುದು. ಘೋಷಣೆಯಾದ ಮಾತ್ರಕ್ಕೆ ಹುಡುಕುವ ಹೊಣೆ ತೀರಿತೆಂದು ಸಮಿತಿ, ಮಂಡಳಿ, ಪೊಲೀಸರು ನಡೆದುಕೊಂಡರು. ಒಂದು ಫೋನ್ ಕರೆ ಸಾಕಿತ್ತು: ಈ ವಯಸ್ಸಿನ ಮಗುವನ್ನು ಕೇಳಿಕೊಂಡು ಯಾರಾದರೂ ಬಂದಿದ್ದಾರಾ? ಮಂಡಳಿಗೆ ಬಂದ ಆ ಗಂಡುಮಗು ಮೊದಲು ಹೆಣ್ಣೆಂದು ದಾಖಲಾಗಿತ್ತು ಎಂದೂ ವರದಿಯಾಯಿತು. ಹೀಗೆ ಬರೆದ ದಾಖಲೆಯನ್ನು ನಂಬಿಕೊಂಡು ತಾಯಿ ಎಲ್ಲಿ ಹುಡುಕಬೇಕಿತ್ತು?

ತಡೆ ಬಿದ್ದದ್ದು ಕುಟುಂಬ ನ್ಯಾಯಾಲಯದಲ್ಲಿ. 2021ರ ಅಕ್ಟೋಬರ್ 25ರಂದು ವಂಚಿಯೂರಿನ ನ್ಯಾಯಾಲಯ ದತ್ತು ಪ್ರಕ್ರಿಯೆಗೆ ತಡೆಯಾಜ್ಞೆ ಕೊಟ್ಟಿತು. ತಾಯಿ ಕೊಚ್ಚಿಯ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಾಗಲೂ, ವಿಷಯ ಕುಟುಂಬ ನ್ಯಾಯಾಲಯದ ಮುಂದಿದೆ ಎಂಬ ಕಾರಣಕ್ಕೆ ಅದು ಮುಂದುವರಿಯಲಿಲ್ಲ. ನವೆಂಬರ್‌ನಲ್ಲಿ ಮಗುವನ್ನು ಆಂಧ್ರದಿಂದ ಕರೆತಂದು ನಿರ್ಮಲಾ ಶಿಶುಭವನದಲ್ಲಿ ಇರಿಸಿದರು. ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದ ಡಿಎನ್‌ಎ ಪರೀಕ್ಷೆ ತಾಯ್ತನವನ್ನು ಖಚಿತಪಡಿಸಿತು. ನವೆಂಬರ್ 24ರಂದು ನ್ಯಾಯಾಲಯದಲ್ಲೇ ಮಗು ತಾಯಿಯ ತೋಳು ಸೇರಿತು. ಒಂದು ವರ್ಷ ದಾಟಿತ್ತು. ಯಾವ ತಪ್ಪೂ ಮಾಡದ ಆ ಆಂಧ್ರದ ದಂಪತಿ, ಮೂರು ತಿಂಗಳು ತಮ್ಮದೆಂದು ಸಾಕಿದ ಕೂಸನ್ನು ಕಳೆದುಕೊಂಡರು. ಅವರ ಸಂಕಟಕ್ಕೂ ಇದೇ ಕಚೇರಿಗಳು ಉತ್ತರ ಹೇಳಬೇಕು.

ಇಷ್ಟಾದ ಮೇಲೂ ದೇಶ ಹೋದದ್ದು ಉಲ್ಟಾ ದಿಕ್ಕಿಗೆ. ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, ದತ್ತು ಆದೇಶದ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಹೋಯಿತು. ಮೇಲ್ಮನವಿ ಹೋಗುವುದೂ ವಿಭಾಗೀಯ ಆಯುಕ್ತರ ಬಳಿಗೆ. ಕೋರ್ಟುಗಳಲ್ಲಿ ಕಡತಗಳು ಕೊಳೆಯುತ್ತವೆ, ಮಕ್ಕಳು ಸಂಸ್ಥೆಗಳಲ್ಲೇ ಬೆಳೆದುಬಿಡುತ್ತಾರೆ ಎಂಬ ವಾದದಲ್ಲಿ ಹುರುಳಿದೆ; ಸಂಸ್ಥೆಯಲ್ಲಿ ಕಳೆಯುವ ಒಂದೊಂದು ತಿಂಗಳೂ ಮಗುವಿಗೆ ನಷ್ಟವೇ. ಅದಕ್ಕೆ ನ್ಯಾಯಾಧೀಶರನ್ನು ಹೆಚ್ಚಿಸಬೇಕಿತ್ತು, ವಿಚಾರಣೆಗೆ ಗಡುವು ಹಾಕಬೇಕಿತ್ತು. ಬರ, ನೆರೆ, ಚುನಾವಣೆ, ಭೂವ್ಯಾಜ್ಯಗಳ ನಡುವೆ ಬಂದ ದತ್ತು ಕಡತಕ್ಕೆ ಜಿಲ್ಲಾಧಿಕಾರಿ ಎಷ್ಟು ಹೊತ್ತು ಕೊಟ್ಟಾರು? ಅದಕ್ಕಿಂತ ಗಂಭೀರವಾದದ್ದು ಇನ್ನೊಂದು. ಪೇರೂರ್ಕಡದಲ್ಲಿ ತಪ್ಪಿದ್ದು ಸರ್ಕಾರದ ಯಂತ್ರ. ಆ ಯಂತ್ರದ ತಪ್ಪನ್ನು ಜಿಲ್ಲೆಯಲ್ಲಿ ಅದೇ ಯಂತ್ರದ ಮುಖ್ಯಸ್ಥರು ಹಿಡಿಯುತ್ತಾರೆಂದು ನಂಬುವುದು ಹೇಗೆ?

ಇದು ಕೇರಳದ ಕಥೆ ಎಂದು ಕರ್ನಾಟಕ ಸುಮ್ಮನಿರುವಂತಿಲ್ಲ. ಅದೇ ಕಾಯ್ದೆ ಬೀದರ್‌ನಿಂದ ಚಾಮರಾಜನಗರದವರೆಗೂ ಜಾರಿಯಲ್ಲಿದೆ. ಮಗುವನ್ನು ದತ್ತುಮುಕ್ತ ಎಂದು ಘೋಷಿಸುವ ಮುನ್ನ ಮತ್ತು ಪಾಲನೆಗೆ ಕೊಡುವ ಮುನ್ನ, ಎರಡು ಸಲವೂ, ಪೊಲೀಸ್ ದೂರುಗಳನ್ನು ತಾಳೆ ನೋಡುವುದನ್ನು ರಾಜ್ಯ ಸರ್ಕಾರ ಕಡ್ಡಾಯ ಮಾಡಲಿ. ಅಂತಿಮ ಆದೇಶದ ಅಧಿಕಾರವನ್ನು ನ್ಯಾಯಾಲಯಕ್ಕೆ ಮರಳಿಸುವಂತೆ ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಲಿ.