ಅಳತೆಯಿಲ್ಲದ ದಾನ

ಶೋಳಿಂಗನಲ್ಲೂರಿನ ನಮ್ಮ ವಸತಿ ಸಮುಚ್ಚಯದ ಹೆಬ್ಬಾಗಿಲಲ್ಲಿ ಪ್ರತಿವರ್ಷ ಶಾಲೆಗಳು ತೆರೆಯುವ ಮುನ್ನ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಬಂದು ಕೂರುತ್ತದೆ. ಬಡಮಕ್ಕಳಿಗೆ ಬೂಟು ನೀಡಿ ಎಂಬ ಚೀಟಿ ಅದರ ಮೇಲೆ. ಹಿಮ್ಮಡಿ ಸವೆದವು, ಲೇಸು ಕಳೆದವು, ಅಡಿ ಬಿಟ್ಟವು ಎಲ್ಲವೂ ಅದರೊಳಗೆ ಸೇರುತ್ತವೆ. ಒಮ್ಮೆ ಮದುವೆಮನೆಯ ಎತ್ತರದ ಚಪ್ಪಲಿಯೂ ಇತ್ತು. ನಾವೂ ಹಾಕಿದವರೇ. ಮನಸ್ಸು ಹಗುರಾಯಿತೆಂದುಕೊಂಡೆವು, ನಿಜವಾಗಿ ಹಗುರಾದದ್ದು ನಮ್ಮ ಬೂಟಿನ ಗೂಡು.

ಪೆಟ್ಟಿಗೆ ಬಹುದೂರವೇನೂ ಹೋಗುವುದಿಲ್ಲ. ಸುನಾಮಿಯಲ್ಲಿ ಮನೆ ಕಳೆದುಕೊಂಡವರನ್ನೂ ನಗರದೊಳಗಿನ ಕೊಳೆಗೇರಿಗಳಿಂದ ಎಬ್ಬಿಸಿದವರನ್ನೂ ತಂದಿರಿಸಿದ ಸೆಮ್ಮಂಚೇರಿ ಪಕ್ಕದಲ್ಲೇ ಇದೆ. ನಮ್ಮಲ್ಲಿ ಮನೆಗೆಲಸಕ್ಕೆ ಬರುವ ಅಕ್ಕನ ಮಗಳಿಗೆ ಹೋದ ವರ್ಷ ಸಿಕ್ಕಿದ ಜೋಡಿ ಎರಡು ಬೆರಳಷ್ಟು ಉದ್ದವಾಗಿತ್ತು. ಮುಂಭಾಗಕ್ಕೆ ಬಟ್ಟೆ ತುರುಕಿ ಎರಡು ದಿನ ಮೆಟ್ಟಿದಳು. ಮೂರನೆಯ ದಿನ ಬೊಬ್ಬೆಯೆದ್ದ ಹಿಮ್ಮಡಿಯಲ್ಲಿ ಬರಿಗಾಲಲ್ಲೇ ಶಾಲೆಗೆ ನಡೆದಳು. ಆ ಬೂಟನ್ನು ಎದೆಗವಚಿ ನಗುತ್ತಿರುವ ಅವಳ ಫೋಟೋವನ್ನು ನಾವೆಲ್ಲರೂ ವಾಟ್ಸಾಪ್‌ನಲ್ಲಿ ಮೆಚ್ಚಿಕೊಂಡಿದ್ದೆವು.

ಮಕ್ಕಳಿಗೆ ಬೂಟು ಬೇಡವೆಂದು ನಾವು ವಾದಿಸುತ್ತಿಲ್ಲ. ಕೊಕ್ಕೆಹುಳುವಿನ ಮರಿ ಮಲಿನ ಮಣ್ಣಿನಿಂದ ಬರಿಗಾಲಿನ ಚರ್ಮವನ್ನೇ ಕೊರೆದು ದೇಹ ಸೇರುತ್ತದೆ. ಕರುಳಿಗಂಟಿ ರಕ್ತ ಹೀರಿ ಮಗುವನ್ನು ರಕ್ತಹೀನತೆಗೆ ತಳ್ಳುತ್ತದೆ. ಮೇಲ್ಜಾತಿಯವರ ಬೀದಿಯಲ್ಲಿ ಮೆಟ್ಟು ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ದಲಿತರ ನೆನಪು ಕನ್ನಡ ನಾಡಿನಲ್ಲೂ ತಮಿಳು ನಾಡಿನಲ್ಲೂ ಇನ್ನೂ ಆರಿಲ್ಲ. ಆದ್ದರಿಂದ ಕಾಲಿಗೊಂದು ಜೋಡೆನ್ನುವುದು ಆರೋಗ್ಯದ ಮಾತೂ ಹೌದು, ಮಾನದ ಮಾತೂ ಹೌದು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಒಪ್ಪಿಸಿದರೆಂಬ ಕತೆ ಕೇಳಿ ಬೆಳೆದ ನಾವು, ನಮ್ಮ ಮಕ್ಕಳು ಒಲ್ಲೆನೆಂದದ್ದನ್ನು ದಾನವೆಂದು ಕರೆಯಲು ಕಲಿತದ್ದೆಲ್ಲಿ?

2006ರಲ್ಲಿ ಅಮೆರಿಕದಲ್ಲಿ ಆರಂಭವಾದ ಟಾಮ್ಸ್ ಕಂಪನಿ, ಒಂದು ಜೋಡಿ ಮಾರಿದರೆ ಬಡಮಗುವಿಗೊಂದು ಜೋಡಿ ಕೊಡುವುದಾಗಿ ಸಾರಿ ಜಗತ್ಪ್ರಸಿದ್ಧವಾಯಿತು. ಮೆಚ್ಚಬೇಕಾದ ಸಂಗತಿಯೆಂದರೆ ಅದು ತನ್ನ ದಾನವನ್ನು ಪರೀಕ್ಷೆಗೂ ಒಡ್ಡಿತು. ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಎಲ್ ಸಾಲ್ವಡಾರ್‌ನ ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಅಲ್ಲಿ ಕೊಟ್ಟದ್ದು ಹೊಸ ಬೂಟು. ಮಕ್ಕಳು ಮೆಟ್ಟಿದರು, ಮೆಚ್ಚಿದರು. ಆದರೂ ಆರೋಗ್ಯದಲ್ಲಾಗಲಿ ಆತ್ಮಗೌರವದಲ್ಲಾಗಲಿ ಗಣನೀಯ ಸುಧಾರಣೆ ಕಾಣಲಿಲ್ಲ. ಕುಟುಂಬದ ಅಗತ್ಯಗಳನ್ನು ಇತರರೇ ಪೂರೈಸಬೇಕೆನ್ನುವ ಮಕ್ಕಳು ಮಾತ್ರ ಬೂಟು ಪಡೆದವರಲ್ಲಿ ಹೆಚ್ಚಿದ್ದರು. ಹೊಸದರ ಫಲವೇ ಇಷ್ಟಾದರೆ ನಮ್ಮ ಪೆಟ್ಟಿಗೆಯ ಫಲವೇನು?

ಕರ್ನಾಟಕ ಸರ್ಕಾರ 2015-16ರಿಂದ ಸರ್ಕಾರಿ ಶಾಲೆಯ ಒಂದರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಜೋಡಿ ಕಪ್ಪು ಬೂಟು, ಎರಡು ಜೋಡಿ ಕಾಲುಚೀಲ ಕೊಡಲಾರಂಭಿಸಿತು. ತಡವಾದದ್ದುಂಟು, ನಿಂತದ್ದೂ ಉಂಟು. ಸರ್ಕಾರಿ ನೌಕರರಾದ ನಮಗೆ ಕಡತದ ನಡಿಗೆ ಹೊಸದಲ್ಲ. ಆದರೂ ಅಲ್ಲಿ ತರಗತಿಯ ಎಲ್ಲರಿಗೂ ಒಂದೇ ಬೂಟು, ಕೊಳ್ಳುವ ಹೊಣೆ ಶಾಲಾ ಸಮಿತಿಯದು. ಮಗು ಅದನ್ನು ಹಕ್ಕಿನಿಂದ ಪಡೆಯುತ್ತದೆ, ಯಾರ ಮುಂದೆಯೂ ನಗಬೇಕಾಗಿಲ್ಲ.

ಈ ಸಲ ಪೆಟ್ಟಿಗೆ ಬೇಡವೆಂದು ನಿವಾಸಿಗಳ ಸಭೆಯಲ್ಲಿ ಕೇಳಿದೆವು. ಶಾಲೆಯವರೇ ಮಕ್ಕಳ ಪಾದವನ್ನು ಕಾಗದದ ಮೇಲೆ ಗೀಟು ಹಾಕಿಕೊಳ್ಳಲಿ. ಬೆಳೆಯುವ ಕಾಲಿಗೆ ಹೆಬ್ಬೆರಳಗಲ ಜಾಗ ಬಿಟ್ಟು ಹೊಸದನ್ನೇ ಕೊಳ್ಳಲಿ. ಹಣ ಮಾತ್ರ ನಮ್ಮದು, ಫೋಟೋ ಬೇಡ. ಲೋಕಕ್ಕೆಲ್ಲ ಬೂಟು ಹೊಲಿದು ಕಳಿಸುವ ಆಂಬೂರು ಇದೇ ರಾಜ್ಯದಲ್ಲಿದೆ, ಬೂಟಿಗೆ ಬರವಿಲ್ಲ ಎಂದೂ ಹೇಳಿದೆವು. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಹಾಗಾದರೆ ಈ ಹಳೆಯ ಬೂಟುಗಳನ್ನು ನಾವು ಎಲ್ಲಿ ಹಾಕುವುದು?”